ನನ್ನ ಮುಂದೆ ನಿಲ್ಲುತ್ತಿದ್ದ ಫುಲ್‌ಬ್ಯಾಕ್

ಹಲಸೂರಿನ ಹಾಕಿ ಮೈದಾನದಲ್ಲಿ ನಾನು ಗೋಲ್‌ಕೀಪರ್, ಅವನು ನನ್ನ ಮುಂದೆ ನಿಲ್ಲುತ್ತಿದ್ದ ಫುಲ್‌ಬ್ಯಾಕ್. ತೊಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಅಲ್ಲಿ ಹುಲ್ಲಿಗಿಂತ ಕೆಂಪು ಮಣ್ಣೇ ಹೆಚ್ಚಿತ್ತು ಎಂಬುದಷ್ಟೇ ಖಚಿತ. ಎದುರಾಳಿ ನುಗ್ಗಿದಾಗಲೆಲ್ಲ ಅವನು ಹಿಂತಿರುಗಿ ನೋಡದೆ ಎಡಗೈ ಎತ್ತಿ, "ನಾನಿದೀನಿ ಗುರು" ಅನ್ನುತ್ತಿದ್ದ. ಒಮ್ಮೊಮ್ಮೆ ಇರುತ್ತಿದ್ದ, ಒಮ್ಮೊಮ್ಮೆ ಇರುತ್ತಿರಲಿಲ್ಲ.

ತಂಡದ ಆಯ್ಕೆಗೆಂದು ಆಡಿಸಿದ ಪಂದ್ಯದಲ್ಲಿ ಎದುರಾಳಿಯೊಬ್ಬ ಗೋಲಿನ ಮುಂದಿನ ಅರ್ಧವೃತ್ತದ ಗೆರೆಯಾಚೆಯಿಂದಲೇ ಬೀಸಿ ಹೊಡೆದ. ಹಾಕಿಯ ನಿಯಮದಂತೆ ಆ ಗೆರೆಯಾಚೆಯಿಂದ ನೇರವಾಗಿ ಬಂದ ಚೆಂಡು ಬಲೆ ಸೇರಿದರೂ ಗೋಲಾಗುವುದಿಲ್ಲ. ಆ ಚೆಂಡು ನಮ್ಮ ಫುಲ್‌ಬ್ಯಾಕ್‌ನ ಸ್ಟಿಕ್ ಪಕ್ಕದಲ್ಲೇ ಹಾದು ಬಲೆ ಸೇರಿತು. ಅಂಪೈರ್ ಗೋಲು ಕೊಡಲಿಲ್ಲ.

ಪಂದ್ಯ ಮುಗಿದ ಮೇಲೆ ಕೋಚ್ ನನ್ನನ್ನು ಕರೆದರು. "ಅವನು ಬೇಕಂತ ಬಿಟ್ನಾ, ಮಿಸ್ ಮಾಡಿದ್ನಾ? ಹಿಂದೆ ನಿಂತಿದ್ದವನು ನೀನು, ಹೇಳು. ರೂಲ್ಸ್ ಗೊತ್ತಿದ್ದು ಬೇಕಂತ ಬಿಟ್ಟಿದ್ರೆ ಟೀಮಿಗೆ ಹಾಕ್ತೀನಿ. ನೀನ್ಯಾಕೆ ಅಲ್ಲಾಡ್ಲಿಲ್ಲ ಅಂತ ಆಮೇಲೆ ಕೇಳ್ತೀನಿ."

"ಬೇಕಂತಲೇ ಬಿಟ್ಟ ಸಾರ್" ಅಂದೆ. ಈಗ ನೆನೆದರೆ ಅವನ ಸ್ಟಿಕ್ ಒಮ್ಮೆ ನೆಲಕ್ಕೆ ತಾಗಿರುತ್ತದೆ, ಇನ್ನೊಮ್ಮೆ ಮೇಲೆದ್ದಿರುತ್ತದೆ. ಅಂದು ಕಂಡದ್ದು ಯಾವುದೋ ತಿಳಿಯದು.

ಅವನನ್ನು ತಂಡಕ್ಕೆ ತೆಗೆದುಕೊಂಡರು. ಸಂಜೆ ಶಿವಾಜಿನಗರದ ಬಸ್ಸಿಗೆ ಕಾಯುತ್ತಿದ್ದಾಗ ಅವನು ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದ:

"ಗುರು, ನಿಜ ಹೇಳು. ನಾನು ಬೇಕಂತ ಬಿಟ್ನಾ?"