ಸಾಯಲು ಒಪ್ಪದ ಸ್ಕಾಟ್ಲೆಂಡಿನ ನಟ

ನಾನು ಮಸ್ಕತ್ತಿನ ಹಮ್ರಿಯಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಒಂದು ಬೆಳಿಗ್ಗೆ ದವಡೆ ಊದಿಸಿಕೊಂಡು ಎತ್ತರದ ಬಿಳಿಯ ಮುದುಕರೊಬ್ಬರು ಬಂದರು. ಮುಖವನ್ನು ಎಲ್ಲೋ ನೋಡಿದ ನೆನಪು. ಆದರೆ ಅವರು ಆಡಿದ ಇಂಗ್ಲಿಷ್ ಒಂದಿಷ್ಟೂ ತಿಳಿಯಲಿಲ್ಲ. ದವಡೆಯ ತಪ್ಪಿರಬೇಕು ಎಂದುಕೊಂಡೆ. ಹಲ್ಲು ಕಿತ್ತು, ಬಾವು ಇಳಿದ ಮೇಲೂ ಹಾಗೆಯೇ ಮಾತಾಡಿದಾಗ ಅದು ಸ್ಕಾಟ್ಲೆಂಡಿನ ಇಂಗ್ಲಿಷ್ ಎಂದು ಗೊತ್ತಾಯಿತು.

ಅವರು ನಟರು. ಇಲ್ಲೇ ಟೀಚರಾಗಿದ್ದ ಮಗಳ ಜೊತೆ ಇರಲು ಬಂದಿದ್ದರು. ಹುಟ್ಟಿದ್ದು ಮೀನುಗಾರರ ಊರಿನಲ್ಲಿ. ಹುಡುಗಾಟದ ವಯಸ್ಸಿನಲ್ಲಿ ಐಸಿನ ಕಾರ್ಖಾನೆಯಲ್ಲಿ ದುಡಿದು, ಸಂಜೆ ನಾಟಕ ಆಡಿ, ಕೊನೆಗೆ ಟೀವಿಗೆ ಸೇರಿದವರು. ನಾಯಕನ ಪಾತ್ರ ಒಮ್ಮೆಯೂ ಸಿಗಲಿಲ್ಲವಂತೆ. ಪೊಲೀಸನಾದರೆ ಗುಂಡು ತಿನ್ನುವುದು, ಕಳ್ಳನಾದರೆ ನೀರಿಗೆ ಬೀಳುವುದು, ಪಾದ್ರಿಯಾದರೆ ಮೆಟ್ಟಿಲಿಂದ ಉರುಳುವುದು. ನಾನು ಟೀವಿಯಲ್ಲಿ ನೋಡಿದ್ದೂ ಅವರ ಹೆಣವನ್ನೇ.

ಮನೆಯಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ನನ್ನ ಗಂಡ ಆಫೀಸಿನಲ್ಲಿ ಅಕೌಂಟೆಂಟ್, ಉಳಿದ ಹೊತ್ತಿನಲ್ಲಿ ಇಲ್ಲಿನ ಕನ್ನಡಿಗರು ವರ್ಷಕ್ಕೊಮ್ಮೆ ಆಡುವ ನಾಟಕದ ನಿರ್ದೇಶಕರು. ಆ ವರ್ಷದ ನಾಟಕದಲ್ಲಿ ಸ್ವಾತಂತ್ರ್ಯ ಹೋರಾಟಗಾರನ ಪಾತ್ರ ಯಾರಿಗೆ ಎಂಬ ಚರ್ಚೆಯೇ ಇರಲಿಲ್ಲ, ಅದು ಅವರದೇ. ಅವರ ಕೈಯಿಂದ ಸಾಯಲು ಒಬ್ಬ ಬ್ರಿಟಿಷ್ ಅಧಿಕಾರಿ ಬೇಕಿತ್ತು.

"ಕರೆದು ತಾ ಮಾರಾಯ್ತಿ, ಪೌಡರಿನ ಖರ್ಚೂ ಇಲ್ಲ," ಎಂದರು.

ಅಲ್ ಅಮೇರಾತ್‌ನ ಗೆಳೆಯರ ಮನೆಯಲ್ಲಿ ರಿಹರ್ಸಲ್. ನಟರು ಬಂದವರೇ ಮೊದಲು ಕೇಳಿದ್ದು, "ನಾನು ಸ್ಕಾಟ್ಲೆಂಡಿನವನು. ಇಂಗ್ಲೆಂಡಿನವನಾಗಿ ಯಾಕೆ ನಟಿಸಬೇಕು?"

"ದೂರದಿಂದ ಎಲ್ಲ ಒಂದೇ ಕಾಣ್ತದೆ ಸಾರ್."

"ನಿಮ್ಮನ್ನು ದೆಹಲಿಯವರು ಅಂದರೆ?"

ನನ್ನ ಗಂಡ ಚಹಾ ತರಿಸಿದರು.

ಎರಡನೆಯ ತಕರಾರು ಸಾವಿನದು. "ನಾನು ಸಾಯುವ ದೃಶ್ಯ ಬಂದಾಗಲೆಲ್ಲ ನನ್ನಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಇನ್ನು ಸಾಯುವುದಿಲ್ಲ," ಎಂದರು. ದನಿ ಮೆತ್ತಗಿತ್ತು. ಯಾರಿಗೂ ಒತ್ತಾಯಿಸಲು ಮನಸ್ಸಾಗಲಿಲ್ಲ. ನನ್ನ ಗಂಡ ಗೊಣಗುತ್ತಲೇ ಕಥೆ ತಿದ್ದಿದರು: ಅಧಿಕಾರಿ ಸೋತು, ಕತ್ತಿ ಒಪ್ಪಿಸಿ, ಹಡಗು ಹತ್ತಬೇಕು.

ನಾಟಕದ ದಿನ ಸಭಾಂಗಣ ತುಂಬಿತ್ತು. ಅವರು ಕತ್ತಿ ಒಪ್ಪಿಸಿದರು. ಕಲಿಸಿದ್ದ ಕನ್ನಡದ ಮಾತು ಮರೆತುಹೋಯಿತು. ಎರಡೂ ಕೈ ಎತ್ತಿ, "ಖಲಾಸ್!" ಎಂದರು. ಜನ ನಕ್ಕ ಸದ್ದಿಗೆ ಧೈರ್ಯ ಬಂದು, ನನ್ನ ಗಂಡನ ಬೆನ್ನು ತಟ್ಟಿ, "ಯಲ್ಲಾ, ಬರ್ಪೆ," ಎಂದು ಅರಬಿಗೆ ತುಳು ಬೆರೆಸಿ ಹೋಗಿಬರುವೆನೆಂದು ಹೇಳಿ ನಡೆದರು. ಆ ತುಳು ಕಲಿಸಿದ್ದು ನಾನು. ಕ್ಲಿನಿಕ್ಕಿನಿಂದ ಹೊರಡುವಾಗ ಹೇಳುವುದಕ್ಕೆ. ಚಪ್ಪಾಳೆ ನಿಲ್ಲಲಿಲ್ಲ. ಹೋರಾಟಗಾರನ ಕೊನೆಯ ಉದ್ದನೆಯ ಭಾಷಣ ಯಾರಿಗೂ ಕೇಳಿಸಲಿಲ್ಲ.

ಆಟ ಮುಗಿದ ಮೇಲೆ ದೂರದ ಸಹಮ್ ಊರಿನಿಂದ ಬಂದಿದ್ದ ಬ್ಯಾರಿ ವ್ಯಾಪಾರಿಯೊಬ್ಬರು ಗ್ರೀನ್‌ರೂಮಿಗೆ ನುಗ್ಗಿದರು. ರುಮಾಲು ಬಿಚ್ಚುತ್ತಿದ್ದ ನನ್ನ ಗಂಡ ಮತ್ತೆ ನೆಟ್ಟಗೆ ಸುತ್ತಿಕೊಂಡು ಎದ್ದು ನಿಂತರು. ವ್ಯಾಪಾರಿ ನನ್ನ ಗಂಡನ ಕೈಗೆ ಫೋನ್ ಕೊಟ್ಟು, ಸ್ಕಾಟ್ಲೆಂಡಿನವರ ಹೆಗಲಿಗೆ ಕೈ ಹಾಕಿ, "ಅಣ್ಣ, ಒಂದು ಫೋಟೋ ತೆಗೀರಿ, ಇಬ್ಬರೂ ಪೂರ್ತಿ ಬರಬೇಕು," ಎಂದರು.

ನನ್ನ ಗಂಡ ತೆಗೆದರು. ಚೆನ್ನಾಗಿಯೇ ತೆಗೆದರು.