ಬೀಗದಣ್ಣ ಮತ್ತು ಚೆಂಡು ಹೂವಿನ ಸಾಲು

ನಮ್ಮ ಬೀದಿಯ ಬೀಗದಣ್ಣನಷ್ಟು ಗುಮಾನಿಯ ಮನುಷ್ಯನನ್ನು ನಾನು ಕಂಡಿಲ್ಲ. ಬೀಗ ರಿಪೇರಿ ಮಾಡುವುದು, ಕೀ ಮಾಡಿಕೊಡುವುದು ಅವನ ಕಸುಬು. ನಿಮ್ಮ ಮನೆಯದೇ ಕೀ ಕೊಟ್ಟು ಇಂಥದ್ದೇ ಇನ್ನೊಂದು ಮಾಡಿಕೊಡಪ್ಪಾ ಅಂದರೆ, ಅದನ್ನು ಬೆಳಕಿಗೆ ಹಿಡಿದು, ನಿಮ್ಮ ಮುಖ ನೋಡಿ, "ಮನೆ ನಿಮ್ದೇನಾ?" ಅನ್ನುತ್ತಾನೆ. ಹೌದು ಅಂದರೆ ಅನುಮಾನ ಇನ್ನೂ ಜಾಸ್ತಿ. ನನ್ನ ಇಸ್ತ್ರಿ ಅಂಗಡಿಗೂ ಅವನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆದರೂ ನನ್ನ ಕೀ ಕಳೆದುಹೋದ ದಿನ ಮಹಾರಾಯ ಎದುರಿನ ಚಪ್ಪಲಿ ಅಂಗಡಿಯವನಿಂದ "ಹೌದು, ಅಂಗಡಿ ಇವಳದೇ" ಅಂತ ಹೇಳಿಸಿಕೊಂಡ ಮೇಲೆಯೇ ಅರ ಕೈಗೆತ್ತಿಕೊಂಡ. ನನಗೆ ಬಂದ ಸಿಟ್ಟಿಗೆ ಇಸ್ತ್ರಿಪೆಟ್ಟಿಗೆ ಬೇಕಿರಲಿಲ್ಲ, ಕೈಯಲ್ಲೇ ಅವನ ಅಂಗಿಯನ್ನು ಸುಡಬಹುದಿತ್ತು.

ಮದುವೆಯಾಗದೇ ಉಳಿದದ್ದೂ ಇದರಿಂದಲೇ. ಹುಡುಗಿ ಚೆನ್ನಾಗಿದ್ದರೆ "ಇಷ್ಟು ಚೆನ್ನಾಗಿರೋಳನ್ನ ನಂಗ್ಯಾಕೆ ಕೊಡ್ತಾರೆ?" ಅನ್ನುವುದು. ಅವರು ಬೇಗ ಒಪ್ಪಿದರೆ "ಏನೋ ಐಬಿದೆ", ತಡ ಮಾಡಿದರೆ "ಬೇರೆ ಕಡೆ ನೋಡ್ತಿದಾರೆ". ಹೀಗೇ ತಲೆ ನರೆಯಿತು. ಅವನನ್ನು ನೋಡಿಕೊಂಡವಳು ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ಅವನಿಗೆ ಬೇಯಿಸಿ ಹಾಕುತ್ತಾ, ಅಂಗಿಯ ಗುಂಡಿ ಹೊಲಿಯುತ್ತಾ, ಜ್ವರ ಬಂದರೆ ಪಕ್ಕದಲ್ಲಿ ಕೂತು ಬೈಯುತ್ತಾ ಐವತ್ತು ದಾಟಿಬಿಟ್ಟಳು. ತನಗೆ ಅಂತ ಅವಳು ಇಟ್ಟುಕೊಂಡದ್ದು ಹಿತ್ತಲಿನ ತರಕಾರಿ ಮಡಿಗಳನ್ನು ಮಾತ್ರ.

ನನ್ನ ಅಂಗಡಿಯ ಹಿಂದಿನ ಕಿಟಕಿ ಆ ಹಿತ್ತಲಿಗೇ ತೆರೆಯುತ್ತದೆ. ಕಂಡವರ ಮನೆಯಲ್ಲಿ ಮೂಗು ತೂರಿಸುವವಳಲ್ಲ ನಾನು, ಆದರೆ ಕಿಟಕಿ ಇರುವುದೇ ಅಲ್ಲಿ. ಇಸ್ತ್ರಿಯ ಧಗೆಗೆ ಅದನ್ನು ಮುಚ್ಚಲೂ ಆಗದು.

ಹೋದ ಸಲ ಅಕ್ಕನ ಟೊಮೆಟೊ ಪೂರ್ತಿ ಹುಳದ ಪಾಲಾಗಿತ್ತು. ಹೊರಗೆ ಕೆಂಪಗೆ ಹೊಳೆಯುವ ಹಣ್ಣು, ಮುರಿದರೆ ಒಳಗೆ ತೂತು. ಈ ಸಲ ಅವಳು ಬೀಜದಂಗಡಿಯವರನ್ನು ಕೇಳಿದಳು. ಅವರು ಹೆಂಡತಿ ಹೋದ ಮೇಲೆ ಒಬ್ಬರೇ ಇರುವವರು, ಮೆತ್ತಗೆ ಮಾತಾಡುವವರು. ಒದ್ದೆ ಗೋಣಿಯಲ್ಲಿ ಚೆಂಡು ಹೂವಿನ ಸಸಿ ಸುತ್ತಿಕೊಂಡು ತಾವೇ ಹಿಂದಿನ ಗೇಟಿನಿಂದ ಬಂದರು. ಟೊಮೆಟೊ ಸಾಲುಗಳ ನಡುನಡುವೆ ನೆಡಿಸಿದರು. ಅಲ್ಲಿಂದಾಚೆ ಆಗಾಗ ಬಂದು ಮೊಗ್ಗು ಬಿಡಿಸಿ ನೋಡುವುದು, ಅಕ್ಕನಿಗೆ ತೋರಿಸುವುದು ಶುರುವಾಯಿತು.

ಬೀಗದಣ್ಣ ಅಂಗಿ ಇಸ್ತ್ರಿಗೆ ಕೊಡುವ ನೆಪದಲ್ಲಿ ಬಂದು ನಿಂತ.

"ಅಲ್ಲಮ್ಮಾ, ತರಕಾರಿ ಮಧ್ಯೆ ಹೂವು ಯಾಕೆ?"

"ಹುಳದ ಕಾಟ ತಪ್ಪುತ್ತಂತೆ."

"ಹುಳಕ್ಕೆ ಔಷಧಿ ಕೊಡ್ತಾರೆ. ಹೂವು ಯಾರಿಗೆ ಕೊಡ್ತಾರೆ ಹೇಳು?"

ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲೂ ಅದೇ ಕೊರೆಯುತ್ತಿತ್ತು. ಮೊಗ್ಗು ನೋಡುವುದಕ್ಕೆ ಅಷ್ಟು ಹೊತ್ತು ಬೇಕೇ? ಅಕ್ಕ ಈಚೆಗೆ ಕಳೆ ಕೀಳುವಾಗ ಗುನುಗುತ್ತಿದ್ದಳು. ಅವಳು ಗುನುಗಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಆಮೇಲೆ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ. ಅಡುಗೆಮನೆಯಲ್ಲಿ ಎರಡು ಟೀ ಲೋಟ ಬೋರಲು ಹಾಕಿದ್ದನ್ನು ಕಂಡು ಎರಡನ್ನೂ ಮೂಸಿದನಂತೆ. ಇದನ್ನು ಅಕ್ಕನೇ ನನಗೆ ಹೇಳಿ ನಕ್ಕಳು. ಒಂದು ದಿನ ಮಡಿಯ ಹಸಿ ಮಣ್ಣಿನಲ್ಲಿದ್ದ ಚಪ್ಪಲಿ ಗುರುತಿನ ಮೇಲೆ ತನ್ನ ಕಾಲಿಟ್ಟು ಅಳೆಯುತ್ತಿದ್ದ! ನಗು ಬಂತು, ಪಾಪ ಅಂತಲೂ ಅನಿಸಿತು. ಅವನಿಗೆ ಚಿಂತೆ ಹೂವಿನದೂ ಅಲ್ಲ, ಹುಳದ್ದೂ ಅಲ್ಲ. ಅಕ್ಕ ಈ ವಯಸ್ಸಲ್ಲಿ ಬೇರೆ ಮನೆ ಮಾಡಿ ಹೊರಟುಬಿಟ್ಟರೆ, ಈ ಮನುಷ್ಯನಿಗೆ ಜಗತ್ತಿನಲ್ಲಿ ನಂಬುವುದಕ್ಕೆ ಒಬ್ಬರೂ ಉಳಿಯುತ್ತಿರಲಿಲ್ಲ.

ಮರುದಿನ ಹಿಂದಿನ ಗೇಟಿಗೆ ಬೀಗ ಬಿತ್ತು. ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದು.

"ಟೊಮೆಟೊ ಕಳ್ಳರು ಜಾಸ್ತಿ ಆಗಿದಾರೆ" ಅಂದ.

"ಕಾಯಿ ಇನ್ನೂ ಗೋಲಿಯಷ್ಟಿದೆ. ಯಾವ ಕಳ್ಳ ಬರ್ತಾನೋ?" ಅಂದಳು ಅಕ್ಕ. ಅವನು ಕೀ ಜೇಬಿಗೆ ಹಾಕಿಕೊಂಡು ಹೋದ. ಬೀಜದಂಗಡಿಯವರು ಬಂದರು, ಬೀಗ ನೋಡಿದರು, ಸ್ವಲ್ಪ ಹೊತ್ತು ನಿಂತು ಬಂದ ದಾರಿ ಹಿಡಿದರು. ಅಕ್ಕ ಬಾವಿಕಟ್ಟೆಯ ಹತ್ತಿರ ನಿಂತು ನೋಡಿದಳು. ಗುನುಗುವುದು ನಿಂತಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಅವನು ಚೆಂಡು ಹೂವಿನ ಮೊಗ್ಗೊಂದನ್ನು ಸೀಳಿ ನೋಡಿದ. ಒಳಗೆ ಹಸಿರು ಹುಳ. ಇನ್ನೊಂದನ್ನು ಸೀಳಿದ, ಅಲ್ಲೂ ಹುಳ. ಅವನ ಮುಖ ಅರಳಿದ್ದು ನೋಡಬೇಕಿತ್ತು! ಕಿಟಕಿಗೆ ಓಡಿಬಂದ.

"ನೋಡಮ್ಮಾ, ಸಿಕ್ಕಿಬಿದ್ದ! ಹುಳ ಹಿಡಿದ ಗಿಡ ತಂದು ನೆಟ್ಟಿದಾನೆ. ಹುಳ ಬಿಡೋನೂ ಅವನೇ, ನೋಡೋಕೆ ಬರೋನೂ ಅವನೇ!"

ನಾನು ಬೇಡ ಕಣಣ್ಣಾ, ಅಕ್ಕನ್ನ ಒಂದು ಮಾತು ಕೇಳು ಅನ್ನುವಷ್ಟರಲ್ಲಿ ಅರ್ಧ ಸಾಲು ಕಿತ್ತಾಗಿತ್ತು. ಉಳಿದರ್ಧವನ್ನೂ ಕಿತ್ತು, ಅಲ್ಲೇ ಟೊಮೆಟೊ ಬುಡದ ಪಕ್ಕ ರಾಶಿ ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತ. ಬಟ್ಟೆ ಒಗೆಯುತ್ತಿದ್ದ ಅಕ್ಕ ಒದ್ದೆ ಕೈಯಲ್ಲೇ ಬಂದಳು.

"ಏನೋ ಮಾಡಿದೆ ನೀನು?"

"ಹೂವಿನ ತುಂಬ ಹುಳ ಇದ್ವು ಅಕ್ಕಾ."

"ಇರ್ಲಿ ಅಂತಾನೇ ಕಣೋ ನೆಟ್ಟಿದ್ದು! ಚಿಟ್ಟೆ ಹೂವಲ್ಲಿ ಮೊಟ್ಟೆ ಇಟ್ರೆ ಕಾಯಿ ತಂಟೆಗೆ ಬರಲ್ಲ. ಹುಳ ಬಿದ್ದ ಮೊಗ್ಗು ಕಿತ್ತು ಹಾಕೋಕೆ ಅವರು ಬರ್ತಿದ್ರು. ಅಂಗಡಿಗೆ ಬಂದೋರಿಗೆಲ್ಲ ನೀನೇ ಹೇಳ್ತೀಯಲ್ಲ, ಬೀರು ಮುಂದೆ ಒಂದು ಪುಟ್ಟ ಡಬ್ಬಕ್ಕೆ ಸುಳ್ಳು ಬೀಗ ಹಾಕಿಡಿ, ಕಳ್ಳ ಅದನ್ನೇ ಎತ್ಕೊಂಡು ಹೋಗ್ತಾನೆ ಅಂತ. ಇದೂ ಅದೇ."

ಬೀಗದಣ್ಣ ಬೆಪ್ಪಾಗಿ ಹೂವಿನ ರಾಶಿ ನೋಡಿದ. ಅಕ್ಕ ಕೂಗಾಡಿದ್ದರೆ ಅವನಿಗೂ ಹಗುರಾಗುತ್ತಿತ್ತೇನೋ. ಅವಳು ಹೋಗಿ ಉಳಿದ ಬಟ್ಟೆ ಒಗೆದಳು.

ರಾಶಿಯ ಹೂವು ಬಾಡಿತು. ಹುಳಗಳು ಎದ್ದು ಪಕ್ಕದ ಗಿಡ ಹತ್ತಿದವು. ಟೊಮೆಟೊ ಕಾಯಿ ಕಾಯಿಗೂ ತೂತು ಬಿತ್ತು. ಅಕ್ಕ ಅವನ್ನು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದಾಗ ಅವನು ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ನನ್ನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಅಲ್ಲೇ ನಿಂತಿತು. ಒಬ್ಬ ಗಿರಾಕಿಯ ಪ್ಯಾಂಟು ಆವತ್ತು ನನ್ನಿಂದ ಹಾಳಾಯಿತು, ಹಾಳಾಗಲಿ.

"ಅಕ್ಕಾ, ಆ ಬೀಜದಂಗಡಿಯವನು ಮದುವೆ ಆಗ್ತೀಯಾ ಅಂತ ನಿನ್ನ ಕೇಳಿದಾನಾ?"

ಅವಳು ತಲೆ ಎತ್ತಲಿಲ್ಲ. "ಕೇಳಿದ್ರು."

"ಯಾವಾಗ?"

"ಸಸಿ ತಂದ ಹೊಸದ್ರಲ್ಲೇ."

"ನೀನೇನಂದೆ?"

"ಆಗಲ್ಲ ಅಂದೆ."

ಬೇರೆ ಯಾರಾದರೂ ಅಲ್ಲಿಗೆ ಸಮಾಧಾನವಾಗಿ ಎದ್ದು ಹೋಗುತ್ತಿದ್ದರು. ಇವನಿಗೆ ಅದರ ಮೇಲೂ ಗುಮಾನಿ. "ಯಾಕೆ ಆಗಲ್ಲ ಅಂದೆ?"

"ನೀನೊಬ್ಬನೇ ಆಗ್ತೀಯ ಅಂತ ಕಣೋ. ಬಾಗಿಲು ಹಾಕಿದ್ಯೋ ಇಲ್ವೋ ಅಂತ ಎದ್ದೆದ್ದು ನೋಡ್ತೀಯಲ್ಲ, ಹಾಕಿದೀಯ ಮಲಕ್ಕೋ ಅನ್ನೋಕೆ ಒಬ್ರು ಬೇಡ್ವಾ?"

ಅವನು ತೂತು ಬಿದ್ದ ಕಾಯಿಯೊಂದನ್ನು ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸಿದ.

"ಇನ್ನೊಂದ್ಸಲ ಕೇಳಿದ್ರೆ?"

"ಗೇಟಿಗೆ ಬೀಗ ಹಾಕಿದೀಯ. ಎಲ್ಲಿಂದ ಬಂದು ಕೇಳ್ತಾರೆ?" ಅಂದಳು ಅಕ್ಕ. ಅಷ್ಟು ದಿನ ಅಳದವಳು ಆಗ ಅತ್ತಳು. ಕಿಟಕಿಯಲ್ಲಿ ನನಗೂ ತಡೆಯಲಾಗಲಿಲ್ಲ.

ಬೀಗದಣ್ಣ ಎದ್ದು ಬೀಗ ತೆಗೆಯಹೋದ. ಕೀ ಮೊದಲ ಸಲಕ್ಕೆ ಕೂರಲೇ ಇಲ್ಲ. ಕೊನೆಗೆ ಬೀಗ ತೆಗೆದು, ಗೇಟು ದೂಡಿಕೊಂಡು ಬೀದಿಗೆ ಇಳಿದ.

"ಎಲ್ಲಿಗೋ?" ಅಂತ ಕೂಗಿದಳು ಅಕ್ಕ.

"ಸಸಿ ತರೋಕೆ" ಅಂದ ಅವನು, ತೋಳಲ್ಲಿ ಮುಖ ಒರೆಸಿಕೊಳ್ಳುತ್ತ. "ನನಗೆ ನೆಡೋಕೆ ಬರಲ್ಲ. ಅವರನ್ನೇ ಕರ್ಕೊಂಡು ಬರ್ತೀನಿ."