ಐದು ರೂಪಾಯಿಯ ಹೊಳೆ ನೀರು

ನಾನು ಚಿಕ್ಕವನಿದ್ದಾಗ ನಮ್ಮೂರು ಜುಗೂಳದಲ್ಲಿ ನನ್ನಷ್ಟು ಜಾಣ ಹುಡುಗ ಇನ್ನೊಬ್ಬನಿಲ್ಲ ಅಂತ ತಿಳಿದಿದ್ದೆ. ಆ ಜಾಣತನ ಒಂದೇ ಪ್ರವಾಸದಲ್ಲಿ ಹೊಳೆಪಾಲಾಯಿತು ನೋಡಿ, ಮೊಮ್ಮಕ್ಕಳೇ.

ಆಗ ನಾನು ಆರನೇ ಇಯತ್ತೆಯಲ್ಲಿದ್ದೆ. ನಮ್ಮ ಶಾಲೆಯಿಂದ ಮಹಾಬಳೇಶ್ವರಕ್ಕೆ ಬಸ್ಸು ಹೊರಟಿತ್ತು. ಅಕ್ಕ ಶಾಲೆ ಬಿಟ್ಟಿದ್ದರಿಂದ ಅವಳಿಗೆ ಪ್ರವಾಸವಿಲ್ಲ. ಹೊರಡುವ ಮುಂಜಾನೆ ಚಳಿಗೆ ನಮ್ಮ ಹಲ್ಲು ಕಟಕಟ ಎನ್ನುತ್ತಿದ್ದವು. ಅಕ್ಕ ಕಿಟಕಿಯವರೆಗೆ ಓಡಿ ಬಂದು ನನ್ನ ಅಂಗೈಗೆ ಐದು ರೂಪಾಯಿಯ ನೋಟು ತುರುಕಿದಳು. ಸಗಣಿಯ ಕುಳ್ಳು ತಟ್ಟಿ, ಮಾರಿ ಕೂಡಿಸಿದ ದುಡ್ಡು ಅದು. ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ ಅವಳು ಸ್ಟ್ರಾಬೆರಿ ಹಣ್ಣಿನ ಚಿತ್ರ ನೋಡಿದ್ದಳು. ಅದು ಮಹಾಬಳೇಶ್ವರದಲ್ಲೇ ಬೆಳೆಯುತ್ತದಂತೆ, ಮರೆಯದೆ ತಾ ಎಂದು ಮೂರು ಸಲ ಹೇಳಿದಳು.

ಅಬ್ಬಾ, ಆ ಘಟ್ಟದ ದಾರಿ! ಬಸ್ಸು ತಿರುಗಿದಾಗಲೆಲ್ಲ ನಾವು ಒಬ್ಬರ ಮೇಲೊಬ್ಬರು ಬಿದ್ದು ಹೋ ಎಂದು ಕೂಗುತ್ತಿದ್ದೆವು. ಮಂಜು ಕಿಟಕಿಯೊಳಗೆ ನುಗ್ಗಿ ಮೂಗು ತಣ್ಣಗಾಗುತ್ತಿತ್ತು. ಮಹಾಬಳೇಶ್ವರದ ಗುಡಿಯಲ್ಲಿ ಕಲ್ಲಿನ ಆಕಳ ಬಾಯಿಂದ ಕೃಷ್ಣಾ ನದಿ ಹುಟ್ಟಿ ಸುರಿಯುವುದನ್ನು ಕಂಡು ನನ್ನ ಮೈ ಝುಂ ಎಂದಿತು. ಹೊರಗೆ ಸಾಲುಸಾಲು ಅಂಗಡಿ, ಸುಟ್ಟ ಗೋವಿನಜೋಳದ ವಾಸನೆ. ಒಂದು ಕಡೆ ಎಲೆ ಹಾಸಿದ ಬುಟ್ಟಿಗಳಲ್ಲಿ ಕೆಂಪು ಕೆಂಪು ಸ್ಟ್ರಾಬೆರಿ. ಪಕ್ಕದಲ್ಲೇ ಹೆಬ್ಬೆರಳಿನಷ್ಟು ತಾಮ್ರದ ತಂಬಿಗೆಗಳು. ಬಾಯಿಗೆ ಅರಗು ಹಚ್ಚಿ ಮುಚ್ಚಿದ್ದರು. ಒಳಗೆ ಕೃಷ್ಣೆಯ ಪವಿತ್ರ ನೀರಿದೆ ಎಂದು ಅಂಗಡಿಯವ ಮರಾಠಿಯಲ್ಲಿ ಕೂಗುತ್ತಿದ್ದ. ನನ್ನ ಗೆಳೆಯರೆಲ್ಲ ಅಲ್ಲಿಗೆ ಮುಗಿಬಿದ್ದಿದ್ದರು. ಹಣ್ಣು ತಿಂದರೆ ತೀರಿತು, ತಂಬಿಗೆ ಆದರೆ ಸಾಯುವ ತನಕ ಇರುತ್ತದೆ, ಅಕ್ಕನಿಗೆ ಇದೇ ಸರಿ ಎಂದು ನನ್ನ ಜಾಣ ತಲೆ ಹೇಳಿತು. ಐದು ರೂಪಾಯಿ ಕೊಟ್ಟೇ ಬಿಟ್ಟೆ. ದಾರಿಯುದ್ದಕ್ಕೂ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಗುಳುಗುಳು ಸದ್ದು ಕೇಳುತ್ತ ಬಂದೆ.

ಮರುದಿನ ಬೆಳಿಗ್ಗೆ ಬಸ್ಸಿಳಿದವನೇ ಹೊಳೆಯ ಕಡೆ ಓಡಿದೆ. ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದಳು. ಅಪ್ಪ ಎಮ್ಮೆಯ ಮೈ ತಿಕ್ಕುತ್ತಿದ್ದ. ತಂಬಿಗೆಯನ್ನು ಅಕ್ಕನ ಮುಂದೆ ಹಿಡಿದೆ. ಅದರಲ್ಲಿ ಏನಿದೆ ಎಂದು ಅಪ್ಪ ಕೇಳಿದ. ಕೃಷ್ಣಾ ನದಿಯ ನೀರು ಎಂದೆ.

ಅಪ್ಪ ನನ್ನನ್ನು ನೋಡಿದ. ಹೊಳೆಯನ್ನು ನೋಡಿದ.

"ಕೈಯಾಗ ಬೆಣ್ಣಿ ಇಟ್ಕೊಂಡ ತುಪ್ಪಕ್ಕ ಊರೆಲ್ಲಾ ತಿರಗ್ಯಾನ ನೋಡ ನನ್ನ ಮಗ" ಎಂದವನೇ ನಗು ತಡೆಯಲಾರದೆ ಎಮ್ಮೆಯ ಮೇಲೇ ಒರಗಿಬಿಟ್ಟ. ದಡದಲ್ಲಿದ್ದವರೆಲ್ಲ ನಕ್ಕರು. ನಾನು ದಿನಾ ಈಜುವ ಹೊಳೆ ಇದೇ ಕೃಷ್ಣೆ ಎಂಬುದು ಆಗ ನನ್ನ ತಲೆಗೆ ಹೊಳೆಯಿತು.

ಅಕ್ಕ ಮಾತ್ರ ನಗಲಿಲ್ಲ. ಕೈ ಒರೆಸಿಕೊಂಡು ಹತ್ತಿರ ಬಂದಳು. "ಹೋಗ್ಲಿ ಬಿಡ. ನೀ ಆದ್ರೂ ಆ ಹಣ್ಣ ತಿಂದ್ಯಲ್ಲಾ? ಹೆಂಗಿತ್ತ ಹೇಳ."

ನಾನು ಒಂದು ಹಣ್ಣನ್ನೂ ಮುಟ್ಟಿರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ! ಗಾಣದಮನೆಯ ಬಿಸಿ ಬೆಲ್ಲದ ಹಾಗೆ ಕರಗುತ್ತದೆ, ಹುಳಿ ಎಂಬುದೇ ಇಲ್ಲ ಎಂದು ಬಣ್ಣ ಬಣ್ಣವಾಗಿ ಹೇಳಿದೆ. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಅವಳ ಮುಖ ನೋಡಿ ನನಗೆ ಅಳುವೇ ಬಂತು, ಆದರೆ ಸುಳ್ಳು ಎಂದು ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ.

ನೀವೀಗ ಕಾರು ಹತ್ತಿದರೆ ಮಧ್ಯಾಹ್ನದೊಳಗೆ ಮಹಾಬಳೇಶ್ವರ ಮುಟ್ಟುತ್ತೀರಿ. ಹೋದ ಸಲ ನಿಮ್ಮ ನಿಮ್ಮ ಹೆಸರು ಬರೆಸಿದ ಹನ್ನೊಂದು ಕೀಚೈನು ತಂದಿರಿ. ನಮ್ಮ ಮನೆಗೆ ಇರುವುದು ಒಂದೇ ಬೀಗ. ನಾನು ಬೈಯಲಿಲ್ಲ, ಯಾವ ಬಾಯಿಂದ ಬೈಯಲಿ? ಆದರೆ ಒಂದು ಡಬ್ಬಿ ಸ್ಟ್ರಾಬೆರಿಯನ್ನೂ ತಂದಿರಿ, ಅದನ್ನು ಮೊದಲು ನನ್ನ ಅಕ್ಕನಿಗೆ, ಅಂದರೆ ನಿಮ್ಮ ದೊಡ್ಡ ಆಯಿಗೆ ಕೊಟ್ಟಿರಿ. ಈಗ ಸಂತೆಯಲ್ಲೇ ಸಿಕ್ಕರೂ ದುಬಾರಿ ಎಂದು ಅವಳು ಎಂದೂ ಕೊಂಡವಳಲ್ಲ. ಒಂದು ಹಣ್ಣು ಕಚ್ಚಿದಳು. ಮುಖ ಕಿವುಚಿದಳು. ಆಮೇಲೆ ನನ್ನ ಕಡೆ ತಿರುಗಿ ನಕ್ಕಳಲ್ಲ, ಯಾಕೆಂದು ನೀವು ಕೇಳಿದಿರಿ. ಅವಳು ನನಗೆ ಮೆಲ್ಲಗೆ ಹೇಳಿದ್ದು ಇಷ್ಟೇ:

"ಹುಳಿ ಐತಲ್ಲೋ ತಮ್ಮಾ. ಅಂದ್ರ ಅವತ್ತ ನೀನೂ ತಿಂದಿದ್ದಿಲ್ಲ."